ಟವೆಲಿನ ಆನೆ

ಸಿದ್ದಾಪುರದ ಹೋಂಸ್ಟೇಯಲ್ಲಿ ಈಗ ನನ್ನ ಕೆಲಸ.
ನಾಲ್ಕೇ ಕೋಣೆ. ಹಡಗಿನಲ್ಲಿ ಪಾಳಿಗೆ ಹದಿನೆಂಟಿದ್ದವು.
ಕೈಗೆ ಕೂತ ಚಾಳಿ ಬಿಡುವುದಿಲ್ಲ ನೋಡಿ,
ಬಿಳಿ ಟವೆಲು ಸುತ್ತಿ, ಮಡಚಿ, ಹಾಸಿಗೆಯ ಮೇಲೆ
ಒಂದು ಆನೆ ಕೂರಿಸುತ್ತೇನೆ, ಸೊಂಡಿಲೆತ್ತಿ.

"ಈ ಊರಲ್ಲಿ ಆನೆಗೆ ಬರವೇ, ವಲೇರಿಯನ್?"
ದೇಚಮ್ಮ ನಗುತ್ತಾರೆ. ನಿನ್ನೆ ರಾತ್ರಿ ನಿಜದ್ದೊಂದು
ಹಲಸಿನ ಮರ ಅಲ್ಲಾಡಿಸಿ
ನೀರಿನ ಪೈಪು ತುಳಿದು ಹೋಗಿತ್ತು.

ಬಂದರುಗಳು ಒಂದೊಂದೇ ಒಲ್ಲೆವೆಂದ ಆ ವರ್ಷ
ಎಪ್ಪತ್ತೊಂದು ದಿನ ನೀರ ಮೇಲೇ ನಿಂತಿದ್ದೆವು.
ಪ್ರಯಾಣಿಕರಿಲ್ಲ. ಈಜುಕೊಳ ಬತ್ತಿತ್ತು, ಸುತ್ತ ಸಮುದ್ರ.
ಆಗಲೂ ಮೇಲ್ವಿಚಾರಕನ ಆಜ್ಞೆ: ಟವೆಲು ಮಡಚಿ, ಕೈ ಮರೆಯಬಾರದು.
ಖಾಲಿ ಕೋಣೆಗಳಲ್ಲಿ ಹಂಸ, ಮಂಗ, ಆನೆ,
ನೋಡುವವರಿಲ್ಲದ ಒಂದು ಮೃಗಾಲಯ.

ಮೂರು ತಿಂಗಳಿಗೊಮ್ಮೆ ಕಂಪನಿಯ ಪತ್ರ:
ಸದ್ಯದಲ್ಲೇ ತಿಳಿಸುತ್ತೇವೆ.
ಸದ್ಯ ಎಂದರೆ ಅವರ ಲೆಕ್ಕದಲ್ಲಿ ಎಷ್ಟು ಮೈಲಿಯೋ.
ಮೊನ್ನೆ ಜೆರೋಮ್ ವಿಡಿಯೊ ಕಳಿಸಿದ:
ಅಲಂಗಿನ ಕೆಸರಿಗೆ ಮೂಗು ತೂರಿ ನಿಂತ ನಮ್ಮ ಹಡಗು,
ಪಕ್ಕೆ ಕೊಯ್ದಿದ್ದಾರೆ, ಒಳಗಿನ ಕೋಣೆಗಳು ಜೇನುಹಟ್ಟಿಯಂತೆ.
ಐದನೇ ಮಾಳಿಗೆ, ಎಡಗಡೆ. ಎಣಿಸಿದೆ.
ಹದಿಮೂರು ಕಂಡವು.

ಇಲ್ಲಿನ ತೇವಕ್ಕೆ ನಾವಿಕರ ಪುಸ್ತಕ ಬೂಷ್ಟು ಹಿಡಿಯುತ್ತದೆಂದು
ಅಕ್ಕಿಡಬ್ಬಿಯಲ್ಲಿ ಹೂತಿಟ್ಟಿದ್ದೇನೆ.
ಅವಧಿ ಮುಗಿಯಲು ಹನ್ನೊಂದು ತಿಂಗಳು.
ನವೀಕರಿಸೋಣವೆಂದರೆ—
ಇರಲಿ. ನಾಳೆ ಮೈಸೂರಿನವರು ಬರುತ್ತಾರೆ, ಮಗು ಇದೆಯಂತೆ.
ದೊಡ್ಡ ಟವೆಲು ಒಣಗಿಲ್ಲ.
ಚಿಕ್ಕದರಲ್ಲೇ ಮಾಡಬೇಕು,
ಮರಿ.