ಬಳಪ

ಸಾಲಗಾಮೆ ರಸ್ತೆಯ ಲ್ಯಾಬಿನಲ್ಲಿ ಬೆಳಗ್ಗೆ ಏಳೂವರೆಗೆ
ಕಾಫಿ ಕುಡಿಯದೆ ಕೂತಿದ್ದೆ.
ಐರಿನ್ ಎಂಬ ಹುಡುಗಿ ಮೊಣಕೈ ಮೇಲೆ ರಬ್ಬರು ಬಿಗಿದು
ಎರಡು ಸಲ ತಟ್ಟಿ, ಮೂರನೆಯ ಸಲ ಉಜ್ಜಿ,
‘ನರಾನೇ ಸಿಗ್ತಿಲ್ಲ ಅಕ್ಕ, ಮುಷ್ಟಿ ಬಿಗಿ ಮಾಡಿ’ ಎಂದಳು.
ಅದೇನು ನನಗೆ ಹೊಸದಲ್ಲ.

ನೇರಳೆ ಮುಚ್ಚಳದ್ದೊಂದು, ಹಳದಿ ಮುಚ್ಚಳದ್ದೊಂದು.
ಮೇಲೆ ಚೀಟಿ: ಕೆಂಚಮ್ಮ, ಹೆಂಗಸು, ನಲವತ್ತೊಂದು.
ಆಲೂರು ಕಡೆಯ ದೇವರ ಹೆಸರು.
ಹೆಸರಿನಲ್ಲಿದ್ದಷ್ಟು ಕೆಂಪು ಸೀಸೆಯಲ್ಲಿ ಕಾಣಲಿಲ್ಲ.

ಮಾರನೆ ದಿನ ಪಾಳಿ ಮುಗಿಸಿ ಬಂದಾಗ ಕಾಗದ ಸಿದ್ಧ.
(ಬೆಡ್‌ಶೀಟಿನ ಅಂಚು ಹೊಲಿಯುತ್ತೇನೆ;
ಹನ್ನೊಂದು ವರ್ಷದಿಂದ ಟ್ಯೂಬ್‌ಲೈಟೇ ನನ್ನ ಹೊತ್ತು.)
ಕಬ್ಬಿಣದ ದಾಸ್ತಾನು ನಾಲ್ಕು.
ಬಿ ಹನ್ನೆರಡು, ಅದೂ ಕೆಳಗೆ.
ಡಿ ಅಂದರೆ ಬಿಸಿಲಿನದ್ದಂತೆ, ಒಂಬತ್ತು.
ಪ್ರತಿ ಸಾಲಿಗೂ ಕೆಳಮುಖದ ಬಾಣ.

ಡಾಕ್ಟರು ತಲೆಯೆತ್ತದೆ ಕೇಳಿದರು:
‘ಚಿಕ್ಕಂದಿನಲ್ಲಿ ಮಣ್ಣು, ಬಳಪ, ಹಸಿ ಅಕ್ಕಿ
ಏನಾದರೂ ತಿಂತಿದ್ರಾ?’

ಯಾರು ಹೇಳಿದರು ಇವರಿಗೆ?
ಗಂಡನಿಗೂ ಹೇಳದ ಮಾತು.

ನಾಲ್ಕನೇ ಕ್ಲಾಸು. ರುಕ್ಮಾಂಗದ ಮೇಷ್ಟ್ರ ಡಬ್ಬಿಯಲ್ಲಿ
ಬಳಪ ದಿನಕ್ಕೆರಡು ಕಡಿಮೆ.
ಯಾರು ಎಂದಾಗ ಎಲ್ಲರೂ ನನ್ನ ತುಟಿ ನೋಡಿದರು.
ಬೆಳ್ಳಗಿತ್ತು.
ಅಂಗಳದಲ್ಲಿ ನಿಲ್ಲಿಸಿ, ಮಗ್ಗಿ ಹೇಳಿಸಿದ ಹಾಗೆ
ಮೂವತ್ತು ಮಕ್ಕಳ ಬಾಯಲ್ಲಿ ಕೂಗಿಸಿದರು: ಬಳಪಗಳ್ಳಿ, ಬಳಪಗಳ್ಳಿ.
ಅವ್ವ ಬಂದು ನನ್ನ ಪರವಾಗಿ ಕೈಮುಗಿದಳು.
ಹಿಂದಿರುಗುವಾಗ ಕೆರೆ ಏರಿಯ ಮೇಲೆ ಬಗ್ಗಿ
ಕೆಮ್ಮಣ್ಣಿನ ಹೆಂಟೆ ಮುರಿದು
ಅರ್ಧ ತನ್ನ ಬಾಯಿಗಿಟ್ಟು
ಅರ್ಧ ನನಗೆ ಕೊಟ್ಟಳು.
ಮನೆ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ಅವ್ವನ ರಕ್ತವನ್ನು ಯಾರೂ ಸೀಸೆಗೆ ತುಂಬಲಿಲ್ಲ.
ತಮ್ಮ ಹುಟ್ಟಿದ ರಾತ್ರಿ ಅದು ಚಾಪೆಗೆ ಹೋಯಿತು,
ಎಷ್ಟಿತ್ತೋ ಅಷ್ಟೂ.

‘ಕಬ್ಬಿಣ ಕಮ್ಮಿಯಾದರೆ ಹಾಗಾಗುತ್ತೆ’ ಎಂದು
ಮಾತ್ರೆ ಬರೆದರು. ನಿಂಬೆರಸದ ಜತೆ. ಕಾಫಿ ಜತೆ ಬೇಡ.
ಇಷ್ಟೇನಾ?
ಮೂವತ್ತೆರಡು ವರ್ಷದ ಕಳ್ಳಿಗೆ
ಸಾವಿರದ ಎಂಟುನೂರು ರೂಪಾಯಿಗೆ ಖುಲಾಸೆ.
ತೀರ್ಪು ತೋರಿಸೋಣವೆಂದರೆ ಮೇಷ್ಟ್ರಿಲ್ಲ.
ಸಹ್ಯಾದ್ರಿ ಸರ್ಕಲ್ಲಿನಲ್ಲಿ ಸುಮ್ಮನೆ ನಿಂತೆ.
ಎರಡು ಸಿಟಿ ಬಸ್ಸು ಹೋದವು.

ಪೆನ್ಷನ್ ಮೊಹಲ್ಲಾದ ಬಾಡಿಗೆ ಮನೆ.
ಇಂಚರಾ ಗೋಡೆ ಕಡೆ ತಿರುಗಿ ಮಲಗಿದ್ದಳು.
ತಲೆದಿಂಬಿನ ಪಕ್ಕ ಸುಣ್ಣ ಎದ್ದು
ಅಂಗೈಯಗಲ ಇಟ್ಟಿಗೆ ಕಾಣುತ್ತಿತ್ತು.
ಹೋದ ವಾರ ಓನರಿಗೆ ಹೆದರಿ, ಅವಳಿಗೆ ಬಾರಿಸಿದ್ದೆ.

‘ನಾಳೆ ಬೇಗ ಏಳು ಮಗಾ, ಏನೂ ತಿನ್ನಬಾರದು’ ಎಂದೆ.
ತಿರುಗಲಿಲ್ಲ. ಉಗುರುಗಳನ್ನು ಮೆಲ್ಲಗೆ
ಅಂಗೈಯೊಳಗೆ ಮಡಚಿಕೊಂಡಳು,
ಬಿಗಿಯಾಗಿ.

ತೆಳ್ಳನೆ ಕೈ.
ನರ ಸಲೀಸಾಗಿ ಸಿಗುತ್ತದೆ.