ಯಾವ ಊರಿನ ಚೀಲ

ರಾಯಚೂರು, ಏಪ್ರಿಲ್, ಬೆಳಗಿನ ಹನ್ನೊಂದು.
ಲೆಕ್ಚರ್ ಹಾಲಿನ ಫ್ಯಾನು ಬಿಸಿಲನ್ನೇ ಕಲಕುತ್ತಿದೆ.
ಮೇಜಿಗೆ ಹಳೆಯ ಸೀರೆ ಹಾಸಿ
ಬಿಳಿಜೋಳ ಸುರುವಿದ್ದೇನೆ. ಸಾವಿರ ಕಾಳು.
ನಿನ್ನೆ ರಾತ್ರಿ ಎರಡು ಸಲ ಎಣಿಸಿದ್ದು.

ಇವರು ಸಾವಿರ ಬಸುರಿಯರು ಅಂದುಕೊಳ್ರಿ.
ಐದು ಮಾತ್ರ ಹುಳುಕು, ನೀರಲ್ಲಿ ತೇಲಿಸಿ ಆರಿಸಿದವು,
ತೂತಿಗೆ ಮೇಣ ಮೆತ್ತಿದ್ದೇನೆ.
ನಮ್ಮ ಪರೀಕ್ಷೆ ಆ ಐದನ್ನೂ ಬಿಡದೆ ಹಿಡಿದು ಕೆಂಪು ಬಳಿಯುತ್ತದೆ.
ಗಟ್ಟಿ ಕಾಳಿಗೂ ಬಳಿಯುತ್ತದೆ, ನೂರಕ್ಕೆ ಎರಡರಂತೆ, ಸುಮ್ಮಸುಮ್ಮನೆ.
ಸಾಫ್ರನಿನ್‌ನಲ್ಲಿ ಅದ್ದಿದವು ಒಟ್ಟು ಇಪ್ಪತ್ತೈದು.
(ನನ್ನ ಉಗುರು ನೋಡಿ ತರಕಾರಿಯವಳು
ಮದುವಿಗೆ ಹೋಗಿದ್ರೇನ್ರಿ ಅಂದಳು.)

ಕೆಂಪು ಕಾಳೊಂದು ಕೈಗೆ ಬಂತು. ಅದು ಹುಳುಕೇ?
"ನೂರಕ್ಕೆ ತೊಂಬತ್ತೆಂಟು, ಮೇಡಂ!" ಅಮರೇಗೌಡ,
ಪ್ರಶ್ನೆ ಮುಗಿಯುವ ಮೊದಲೇ. ಇಡೀ ಬೆಂಚು ತಲೆಯಾಡಿಸಿತು.
ಬಾ, ಬ್ಲೇಡು ತಗೋ, ಸೀಳು.
ಗಟ್ಟಿ. ಗಟ್ಟಿ. ಗಟ್ಟಿ. ಹುಳುಕು. ಗಟ್ಟಿ. ಗಟ್ಟಿ.
ಏಳನೆಯದಕ್ಕೆ ಅವನ ಕೈ ನಿಧಾನವಾಯಿತು.
ಕೊನೆಯ ಬೆಂಚಿನ ನಸ್ರೀನ್ ಬೆರಳು ಮಡಚುತ್ತ, ತನಗೇ ಎಂಬಂತೆ,
"ಐದಕ್ಕ ಒಂದು..."

ನನ್ನಪ್ಪ ಗಂಜಿನಲ್ಲಿ ಹಮಾಲಿ.
ಕಬ್ಬಿಣದ ಕೊಳವೆ ಚೀಲಕ್ಕೆ ಚುಚ್ಚಿ
ಅಂಗೈಗೆ ಕಾಳು ಇಳಿಸಿಕೊಳ್ಳುವ ಮೊದಲು ಕೇಳುತ್ತಿದ್ದ:
"ಯಾವ ಊರಿಂದು? ಹಗೇವಿಂದೋ, ಕಣದಿಂದೋ?"
ಹಗೇವಿನದಾದರೆ ಒಂದೇ ಹುಳಕ್ಕೆ ಚೀಲ ಬದಿಗೆ ಸರಿಸುವನು.
ಕಣದಿಂದ ನೇರ ಬಂದದ್ದಾದರೆ
ಅಂಥದೇ ಹುಳವನ್ನು ಊದಿ, ಇನ್ನೊಮ್ಮೆ ಚುಚ್ಚುವನು.
ಅಪ್ಪನಿಗೆ ಮಗ್ಗಿ ಬರುತ್ತಿರಲಿಲ್ಲ.
ನನಗೆ ಇಪ್ಪತ್ತರ ತನಕ ಬರುತ್ತಿತ್ತು. ಆದರೂ

ಹೌಸ್ ಸರ್ಜನ್ ಆಗಿದ್ದ ವರ್ಷ, ದೇವದುರ್ಗದ ಕಡೆಯ ಸೂಗಮ್ಮ,
ಆರು ತಿಂಗಳು, ಮೊದಲ ಬಸಿರು,
ವಿಡಿಆರ್‌ಎಲ್ ಚೀಟಿಯಲ್ಲಿ ಒಂದು ಕೂಡಿಸುವ ಗುರುತು.
ಗಂಡನ ಎದುರೇ ಹೇಳಿದೆ. ರೋಗದ ಹೆಸರು, ಅದು ಹತ್ತುವ ದಾರಿ,
ಎಲ್ಲ, ಪುಸ್ತಕದಲ್ಲಿದ್ದ ಕ್ರಮದಲ್ಲೇ.
ಆತ ಚೀಟಿ ನೋಡಲಿಲ್ಲ, ಆಕೆಯನ್ನು ನೋಡಿದ.
ಬಸಿರಿನಲ್ಲಿ ಆ ಗುರುತು ಸುಳ್ಳಾಗಿ ಬೀಳುವುದುಂಟು.
ಅದೂ ಅದೇ ಪುಸ್ತಕದಲ್ಲಿತ್ತು,
ಮುಂದಿನ ಪುಟ, ಸಣ್ಣ ಅಕ್ಷರ.

"ಆಕಿ ಗಟ್ಟಿ ಇದ್ದಳೇನ್ರಿ ಮೇಡಂ, ಹುಳುಕೇನ್ರಿ?"
ಕಾಳಿಗೆ ಅನ್ನು ಆ ಮಾತು, ಆಕೆಗಲ್ಲ.
ಇನ್ನೊಮ್ಮೆ ರಕ್ತ ಕೊಡಲು ಬಾ ಅಂದಿದ್ದೆ. ಬರಲಿಲ್ಲ.
ಕಾರ್ಡು ಬರೆದೆ. ಮೂರು ವಾರಕ್ಕೆ ನನ್ನ ಕೈಗೇ ಬಂತು,
ಅಡ್ಡಲಾಗಿ ಪೋಸ್ಟ್‌ಮ್ಯಾನನ ನೀಲಿ ಅಕ್ಷರ:
ಈ ಹೆಸರಿನವರು ಈಗ ಇಲ್ಲಿ ಇಲ್ಲ.

ಬೆಲ್ಲು ಹೊಡೆದು ಹುಡುಗರು ಮೆಸ್ಸಿಗೆ ಹೋದರು.
ಸೀರೆ ಮಡಚುವ ಮುನ್ನ ಎಣಿಸಿದೆ, ಸೀಳಿದವನ್ನೂ ಸೇರಿಸಿ.
ಒಂದು ಕಡಿಮೆ. ಕೆಂಪಿನದು.
ಬೆಂಚಿನಡಿ ಮೊಣಕಾಲೂರಿ ಹುಡುಕಿದೆವು, ನಾನೂ ಅಮರೇಗೌಡನೂ.
ಸಿಕ್ಕಿತು.
ಅವನು ಬ್ಲೇಡು ತೆಗೆದ.
ಬೇಡ ಅಂದೆ.