ತಿಳಿ

ರೀಗಾದಲ್ಲಿ, ಟ್ರಾಮು ಸುತ್ತು ಹೊಡೆದು ಹಿಂತಿರುಗುವ ಕಡೆಯ ನಿಲ್ದಾಣದ ಹತ್ತಿರ,
ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಹನ್ನೊಂದು ವರ್ಷ ವಿಜ್ಮಾ ಮಾಡಿದ್ದು ಒಂದೇ ಕೆಲಸ:
ಎರಡು ದಿನಕ್ಕೊಮ್ಮೆ ಹಳೆ ನೀರು ಚೆಲ್ಲಿ
ಹೊಸ ನೀರು ಹಾಕುವುದು.

ಗುಲಾಬಿ ಬಣ್ಣದ ನೀರು.
ಕೋಶಗಳು ಅದರಲ್ಲೇ ಉಂಡು, ಉಸಿರಾಡಿ, ಮೈತೊಳೆದು
ಹಳದಿಗೆ ತಿರುಗಿಸುತ್ತವೆ.
ಹಳದಿಯಾಯಿತೆಂದರೆ ಎಂಜಲು.
ಬ್ಲೀಚು ಬೆರೆಸಿ ಬಚ್ಚಲಿಗೆ.
ಬಚ್ಚಲಿನಿಂದ ಎಲ್ಲಿಗೆಂದು ಅವಳು ಕೇಳಿಕೊಂಡವಳಲ್ಲ.
ದೌಗವಾ ದೊಡ್ಡ ನದಿ. ಅದೂ ಕೇಳುವುದಿಲ್ಲ.

ಆಗ ಬೆಲೆಯಿದ್ದದ್ದು ಕೋಶಗಳಿಗೆ.
ಹೊಕ್ಕುಳಬಳ್ಳಿಯ ಲೋಳೆಯಿಂದ ಬಿಡಿಸಿ ಸಾಕಿದ ಕೋಶಗಳು.
ಗಾಯಕ್ಕೆ ಚುಚ್ಚಿದರೆ ಅಲ್ಲೇ ಬೇರುಬಿಟ್ಟು
ಚರ್ಮಕ್ಕೆ ಚರ್ಮವಾಗುತ್ತವೆ ಎಂದು
ಎಲ್ಲರೂ ನಂಬಿದ್ದ ಕಾಲ.

ಆಮೇಲೆ ಯಾರೋ ಎಣಿಸಿ ನೋಡಿದರು.
ಇಲಿಯ ಗಾಯ ಮಾಯ್ದಿತ್ತು.
ಕೋಶಗಳು ಇರಲಿಲ್ಲ.
ವಾರದೊಳಗೆ ಸತ್ತಿದ್ದವು, ಬೇರು ಬಿಡದೆ.
ಸಾಯುವ ಮೊದಲು ಸುತ್ತಲಿನವರಿಗೆ
ಏನೋ ಹೇಳಿಹೋಗಿದ್ದವು, ಅಷ್ಟೆ.

“ಇನ್ನು ಮೇಲೆ ನೀರು ಇಟ್ಟುಕೋ,
ಕೋಶ ಚೆಲ್ಲು” ಎಂದ ತಾಲಿವಾಲ್ಡಿಸ್.
ವಿಜ್ಮಾ ನಕ್ಕಳು. ಅವನು ನಗಲಿಲ್ಲ.
ಹನ್ನೊಂದು ವರ್ಷದ ನೀರು ಲೆಕ್ಕ ಹಾಕುತ್ತ
ಅವಳು ಅವತ್ತು ಸೇತುವೆ ದಾಟಿ ಮನೆಗೆ ನಡೆದಳು.
ದೌಗವಾದ ಮೀನುಗಳಿಗೆ ಗಾಯ ಬೇಗ ಮಾಯುತ್ತದೋ ಏನೋ.

ಈಗ ಕ್ರಮ ಬೇರೆ.
ಬಣ್ಣವಿಲ್ಲ, ಸೀರಮ್ಮಿಲ್ಲ,
ನಲವತ್ತೆಂಟು ಗಂಟೆ ಉಪವಾಸ.
ಹೊಟ್ಟೆ ತುಂಬಿದ್ದಾಗ ಮುಗುಮ್ಮಾಗಿದ್ದವು
ಹಸಿದಾಗ ಬಾಯಿಬಿಡುತ್ತವೆ.
ಗಿರಗಿರ ತಿರುಗಿಸಿದರೆ ಗಸಿ ತಳಕ್ಕೆ, ತಿಳಿ ಮೇಲಕ್ಕೆ.
ಆ ತಿಳಿಯಲ್ಲಿ ಕಣ್ಣಿಗೆ ಸಿಗದ ಗುಳ್ಳೆಗಳು,
ಗುಳ್ಳೆಯ ಹೊಟ್ಟೆಯಲ್ಲಿ ಮಡಿಸಿದ ಚೀಟಿಗಳು:
ಊತವೇ, ಇಳಿ.
ನೆತ್ತರ ನಾಳವೇ, ಈ ಕಡೆ ಬಾ.
ಪಕ್ಕದವನೇ, ಸಾಯಬೇಡ, ಇನ್ನೊಂದು ಗಳಿಗೆ ಇರು.

ಸಾರು ಎಂದರೆ ನಮ್ಮಲ್ಲಿ ಅನ್ನಕ್ಕೆ ಬಡಿಸುವುದು,
ಊರಿಗೆ ಕೂಗಿ ಹೇಳುವುದೂ.
ಹಸಿದ ಕೋಶಕ್ಕೆ ಎರಡೂ ಒಂದೇ.
ಇದನ್ನು ವಿಜ್ಮಾಗೆ ಹೇಳುವವರು ಯಾರೂ ಇಲ್ಲ.

ಮೂರನೇ ಮಹಡಿಯಲ್ಲಿ ಯಾಜೆಪ್ಸ್.
ಮೂವತ್ತು ವರ್ಷ ಏಳನೇ ನಂಬರಿನ ಟ್ರಾಮು ಓಡಿಸಿದವನು.
ಸಕ್ಕರೆ ಕಾಯಿಲೆ. ಹಿಮ್ಮಡಿಯಲ್ಲಿ ಹುಣ್ಣು,
ಹದಿನಾಲ್ಕು ತಿಂಗಳಿಂದ ಮುಚ್ಚದ ಬಾಯಿ.
ಶೀಶೆಯ ಪೆಟ್ಟಿಗೆ ತಂದವಳನ್ನು ನಿಲ್ಲಿಸಿ ಕೇಳಿದ:
“ಯಾರದಿದು?”
“ಇಪ್ಪತ್ತೇಳು” ಎಂದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ.
ಯಾವುದೋ ಹೆರಿಗೆಯ ಬೆಳಗು, ಕತ್ತರಿಸಿದ ಬಳ್ಳಿ;
ಅದರ ಕೂಸು ಈಗ ಮೊಣಕಾಲು ತರಚಿಕೊಂಡು
ಎಲ್ಲೋ ಜೋಕಾಲಿಯಿಂದ ಬೀಳುತ್ತಿರಬಹುದು.

“ಮಾರ್ಚಿನಲ್ಲಿ ನಮ್ಮಜ್ಜಿ ಬರ್ಚ್ ಮರಕ್ಕೆ ತೂತು ಕೊರೆದು
ಜಾಡಿ ಕಟ್ಟುತ್ತಿದ್ದಳು” ಎಂದ ಮುದುಕ.
“ಮರ ಕಡಿಯುತ್ತಿರಲಿಲ್ಲ. ಒಸರಿದ್ದು ಮಾತ್ರ ನಮಗೆ.
ತೂತಿಗೆ ಬೆಣೆ ಬಡಿದು, ಮರದ ಬೆನ್ನು ತಟ್ಟಿ ಬರುವಳು.
ಇದೂ ಹಾಗೇ ತಾನೆ?”

“ಹಾಗೇ” ಎಂದಳು ವಿಜ್ಮಾ. ಬಾಗಿಲ ತನಕ ಹೋಗಿ ನಿಂತಳು.
“ಹಾಗೇನಲ್ಲ. ಕೋಶಗಳನ್ನು ಆಮೇಲೆ ನಾನೇ ಚೆಲ್ಲುತ್ತೇನೆ.”

ಶೀಶೆಗಳಲ್ಲಿ ಕೆಲವು ತಿಳಿ.
ಕೆಲವು ಬರೀ ನೀರು, ಯಾರೂ ಬಾಳದ್ದು.
ಯಾರಿಗೆ ಯಾವುದೆಂದು ಬರೆದ ಲಕೋಟೆ ಬೇರೆ ಊರಲ್ಲಿದೆ.
ತಿಳಿ ತುಂಬಿದವಳಿಗೂ ತಿಳಿಯದು.
ಎಂಟನೇ ವಾರ ಹುಣ್ಣಿನ ಅಂಚು
ಎರಡು ಮಿಲಿಮೀಟರು ಒಳಗೆ ಸರಿದಿದೆ.
ಇದರಿಂದಲೋ, ಮಗಳು ತಂದ ಮೆತ್ತನೆ ಬೂಟಿನಿಂದಲೋ.
ದಾದಿ ಎರಡನ್ನೂ ಬರೆದುಕೊಂಡಿದ್ದಾಳೆ.

ರಾತ್ರಿ ನೆಲಮಾಳಿಗೆಯಲ್ಲಿ
ತಿಳಿ ಬಸಿದ ಫ್ಲಾಸ್ಕಿನ ತಳದಲ್ಲಿ
ಹಸಿದವು ಇನ್ನೂ ಅಂಟಿಕೊಂಡಿವೆ.
ಒಂದು ಕೈಯಲ್ಲಿ ಬ್ಲೀಚು.
ಹೇಳುವುದು ಬಾಕಿಯಿದ್ದರೆ ಹೇಳಿಬಿಡಲಿ ಎಂಬಂತೆ
ಫ್ಲಾಸ್ಕನ್ನು ದೀಪಕ್ಕೆ ಓರೆ ಹಿಡಿದು ನಿಂತಿದ್ದಾಳೆ.

ಒಂಬತ್ತೂವರೆಯ ಟ್ರಾಮು ಹೊರಟುಹೋಯಿತು.